ನಮ್ಮ ಜೀಪು, ಭಾಗ 3: ಹಿಂದಿನ ಕಿಟಕಿ

ಫೋಟೋ ನೋಡಿ ಹುಲಿಕಲ್ ಮಂಜು ಅಂದ್ಕೊಂಡ್ರಾ? ಅಲ್ಲ ಕಣ್ರೋ, ನಮ್ಮ ಜೀಪಿನ ಹುಡ್‌ಗೆ ಹೊಲಿದಿರೋ ಪ್ಲಾಸ್ಟಿಕ್ ಕಿಟಕಿ ಅದು. ಘಾಟಿ ಇಳಿದು ಹೊಸಂಗಡಿಗೆ ಹೋಗಿ ಬಂದಾಗಲೆಲ್ಲ ಹಾರಿದ ಕೆಸರನ್ನು ಒಣಬಟ್ಟೆಯಲ್ಲೇ ಉಜ್ಜಿ ಉಜ್ಜಿ ಗೀರು ಹಾಕಿದವನು ನಾನೇ.

ಹೋದ ವಾರ ಅಪ್ಪ ಅಂಗಳದಲ್ಲಿ ರಿವರ್ಸ್ ತೆಗೀತಿದ್ರು. ಹಿಂದೆ ತಂಗಿ ನಿಂತಿದ್ದು ಕಾಣಲೇ ಇಲ್ಲ. ಅಮ್ಮ ಕೂಗಿದ್ದಕ್ಕೆ ಬ್ರೇಕ್ ಬಿತ್ತು. ಒಂದು ಮಾರು ದೂರವೂ ಇರಲಿಲ್ಲ. ಅಪ್ಪ ಯಾರಿಗೂ ಬೈಲಿಲ್ಲ, ಕೀ ತೆಗೆದು ಜಗಲಿ ಮೇಲಿಟ್ರು. ಬೈದಿದ್ರೇ ವಾಸಿ ಇತ್ತು.

ಭಾನುವಾರ ಕೂತೆ. ಮೊದಲು ಬರೀ ನೀರು ಸುರಿದು ಮರಳು ಇಳಿಸಿದೆ, ಆಮೇಲೆ ಶಾಂಪೂ ನೀರು. ಒಣಗಿದ ಮೇಲೆ ಒಳಗಿಂದ ಅಂಗೈ ಆನಿಸಿ, ಹಳೇ ಬನಿಯನ್‌ಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಮೆಲ್ಲಗೆ ಸುತ್ತು ಸುತ್ತಾಗಿ ಉಜ್ಜಿದೆ. ಒಳಗೂ ಹಾಗೇ. ಪೆಟ್ರೋಲು, ಥಿನ್ನರ್ ಮಾತ್ರ ಮುಟ್ಟಿಸ್ಬೇಡಿ, ಹಾಳೆಯೇ ಹಾಳಾಗುತ್ತೆ. ನಾಲ್ಕನೇ ಸಲಕ್ಕೆ ತೋಟದ ಅಡಿಕೆ ಮರ ಕಂಡ್ವು!

ಬಿಸಿಲಿಗೆ ಹಳದಿಯಾದ ಮೂಲೆ, ಆಳದ ಗೀರು ಹಾಗೇ ಇವೆ. ಅದಕ್ಕೆ ಹೊಸ ಹಾಳೆ ಹೊಲಿಸೋದೇ ದಾರಿ. ಜೀಪು ಆಫ್ ಮಾಡಿಸಿ ತಂಗಿಯನ್ನು ಹಿಂದೆ ನಿಲ್ಲಿಸಿದೆ. ಸೀಟಿಂದ ಅವಳ ಬೆರಳು ಎಣಿಸೋಕಾಯ್ತು.

ಆದ್ರೂ ಈಗ ಅಪ್ಪ ರಿವರ್ಸ್ ಹಾಕಿದ್ರೆ ನಾನು ಇಳಿದು ಪಕ್ಕದಲ್ಲಿ ನಿಲ್ತೀನಿ.