ಬಟ್, ಬೆನ್ ಮತ್ತು ಎರಡು ಕೋಣೆ

ಎಂಬತ್ತರ ದಶಕದಲ್ಲಿ ನಾನು ಸ್ಕಾಟ್ಲೆಂಡಿನ ಆಯರ್‌ಶೈರಿನಲ್ಲಿದ್ದಾಗ, ಹಳಬರ ಮನೆ ಬಾಗಿಲು ತಟ್ಟಿದರೆ ‘ಕಮ್ ಬೆನ್’ ಅನ್ನುತ್ತಿದ್ದರು. ಒಳಗೆ ಬಾ ಅಂತ. ಬೆನ್ ನೆವಿಸ್ ಬೆಟ್ಟದ ಬೆನ್ ಬೇರೆ, ಅದು ಗೇಲಿಕ್. ಇದು ಸ್ಕಾಟ್ಸ್ ಮಾತು. ಇದರ ಜೋಡಿ ‘ಬಟ್’. ಒಂದು ಒಳಮುಖ, ಇನ್ನೊಂದು ಹೊರಮುಖ. ಡಚ್ಚರ ‘ಬಿನ್ನೆನ್’, ‘ಬೌಟೆನ್’ ಇವುಗಳ ದಾಯಾದಿಗಳು.

ಎರಡು ಕೋಣೆಯ ಮನೆಯಲ್ಲಿ ಇವು ದಿಕ್ಕಿನ ಜೊತೆಗೆ ಜಾಗದ ಹೆಸರೂ ಆದವು. ಬಾಗಿಲು ದಾಟಿ ಕಾಲಿಡುವುದು ಬಟ್‌ಗೆ. ಒಲೆ, ಊಟ, ಹರಟೆ ಎಲ್ಲ ಅಲ್ಲೇ. ಅದರಾಚೆಗಿನದು ಬೆನ್: ಒಳ್ಳೆಯ ಕುರ್ಚಿ, ಮರ್ಯಾದಸ್ತರನ್ನು ಕೂರಿಸುವ ಜಾಗ. ಯಾರು ಎಲ್ಲಿಯವರೆಗೆ ಬರಬಹುದು ಅನ್ನುವುದು ನಮ್ಮ ಜಗಲಿ, ನಡುಮನೆಯ ಲೆಕ್ಕವೇ. ಹಾಗಾಗಿ ದೊಡ್ಡವರ ಕೃಪೆ ಗಳಿಸಿದವನು ‘ಫಾರ್ ಬೆನ್’, ಬಹಳ ಒಳಗಿನವನು. ದೇವರಿಗೆ ಹತ್ತಿರವಾದ ಭಕ್ತನಿಗೂ ಅದೇ ಮಾತು. ಮನೆಯ ನಕ್ಷೆಯಿಂದ ಸ್ವರ್ಗದವರೆಗೆ ಅಳತೆಗೋಲು ಒಂದೇ!

ಕವಿ ರಾಬರ್ಟ್ ಬರ್ನ್ಸ್ 1759ರಲ್ಲಿ ಹುಟ್ಟಿದ ಆಲೊವೇಯ ಮನೆ ಇದೇ ಜಾತಿಯದು. ಮಣ್ಣಿನ ಗೋಡೆ, ಹುಲ್ಲಿನ ಸೂರು, ಅದೇ ಸೂರಿನಡಿ ದನದ ಕೊಟ್ಟಿಗೆ. ಈಗ ಅದು ವಸ್ತುಸಂಗ್ರಹಾಲಯ. ಚೊಕ್ಕಟವಾಗಿದೆ, ಸಗಣಿ ವಾಸನೆಯೊಂದಿಲ್ಲ. 1861ರ ಜನಗಣತಿಯ ಹೊತ್ತಿಗೂ ಸ್ಕಾಟ್ಲೆಂಡಿನ ಸುಮಾರು ಮೂರನೇ ಒಂದು ಭಾಗದ ಮನೆಗಳಿಗೆ ಇದ್ದದ್ದು ಒಂದೇ ಕೋಣೆ. ಬೆನ್ ಇದ್ದವರು ಒಂದು ಮೆಟ್ಟಿಲು ಮೇಲಿನವರು.

ಅಂಥ ಮನೆಯಲ್ಲಿ ಹುಟ್ಟಿದ ಮುದುಕರನ್ನು ಆಗ ಮಾತಾಡಿಸಿದ್ದೆ. ಹಂಬಲ ಯಾರಿಗೂ ಇರಲಿಲ್ಲ. ಥಂಡಿ, ಹೊಗೆ, ಹೊರಗಿನ ಪಾಯಿಖಾನೆ ಇಷ್ಟೇ ಅವರ ನೆನಪು. ಕೌನ್ಸಿಲ್ ಕೊಟ್ಟ ಮನೆಯ ಬಿಸಿನೀರಿನ ನಲ್ಲಿಯನ್ನು ಹೊಗಳುತ್ತಿದ್ದರು. ‘ಬಟ್ ಅಂಡ್ ಬೆನ್’ ಅನ್ನುವ ಈ ಎರಡು ಕೋಣೆಯ ಮನೆಯ ಹಂಬಲ ಅಲ್ಲಿ ಬದುಕದವರದು. ‘ಸಂಡೇ ಪೋಸ್ಟ್’ ಪತ್ರಿಕೆಯಲ್ಲಿ 1936ರಿಂದ ಬರುತ್ತಿರುವ ‘ದ ಬ್ರೂನ್ಸ್’ ಚಿತ್ರಕಥೆಯಲ್ಲಿ ಪಟ್ಟಣದ ಸಂಸಾರ ರಜೆಗೆ ಹೋಗುವ ಗುಡಿಸಲಿಗೆ ಅದೇ ಹೆಸರು. ಇವತ್ತು ರಜೆಗೆ ಬಾಡಿಗೆ ಕೊಡುವ ಮನೆಗಳ ಫಲಕದ ಮೇಲೂ ಅದೇ. ನಡುಗೋಡೆ ಕೆಡವಿ ಒಂದೇ ಹಜಾರ ಮಾಡಿರುತ್ತಾರೆ. ಬಟ್ ಯಾವುದು, ಬೆನ್ ಯಾವುದು ಅಂತ ಕೇಳುವ ಹಾಗಿಲ್ಲ.

ಬಟ್‌ಗೆ ಹಳೆಯ ಸ್ಕಾಟ್ಸ್‌ನಲ್ಲಿ ‘ಇಲ್ಲದೆ’ ಅನ್ನುವ ಅರ್ಥವೂ ಇತ್ತು. ಮ್ಯಾಕಿಂಟಾಷ್ ಕುಲದ ಲಾಂಛನದಲ್ಲಿ ಕಾಡುಬೆಕ್ಕಿನ ಜೊತೆ ಒಂದು ಎಚ್ಚರಿಕೆ ಇದೆ: ಕೈಗವಸಿಲ್ಲದೆ ಬೆಕ್ಕನ್ನು ಮುಟ್ಟಬೇಡ. ಅಲ್ಲಿನ ‘ಬಾಟ್’ ಇದೇ ಪದ. ‘ಆದರೆ’ ಎಂದು ಓದಿಕೊಂಡ ಪ್ರವಾಸಿಗೆ ಬೆಕ್ಕು ಬಿಟ್ಟು ಬರೀ ಕೈಗವಸು ಮುಟ್ಟಬೇಕೇನೋ ಅನ್ನಿಸುತ್ತದೆ.