ಅಪ್ಪಯ್ಯ ಕಲ್ಲು ದಾಟಿದ್ದು

ಅಪ್ಪಯ್ಯ ಲೀಡ್ಸಿಗೆ ಬಂದ ಮೂರನೇ ವಾರಕ್ಕೇ ಕೇಳಿದರು, "ಇಲ್ಲಿ ಹೊಳೆ ಗಿಳೆ ಏನೂ ಇಲ್ವಾ ಮಾರಾಯ್ತಿ?"

ಇದೆಯಲ್ಲ ಅಂತ ಊರೊಳಗೆ ಹರಿಯುವ ಏರ್ ನದಿ ತೋರಿಸಿದೆ. ಎರಡೂ ಕಡೆ ಅಪಾರ್ಟ್‌ಮೆಂಟು, ಮಧ್ಯೆ ನೀರು. "ಇದು ಕಾಲುವೆ" ಅಂದು ಮನೆ ಕಡೆ ತಿರುಗಿದರು. ತೀರ್ಥಹಳ್ಳಿಯಲ್ಲಿ ತುಂಗೆಯ ಸದ್ದು ಕೇಳುತ್ತಾ 70 ವರ್ಷ ಕಳೆದವರಿಗೆ ನಾನು ಇನ್ನೇನು ಹೇಳಲಿ?

ಹಾಗಾಗಿ ಮೇ ತಿಂಗಳ ಒಂದು ಶನಿವಾರ ಬೋಲ್ಟನ್ ಆ್ಯಬಿಗೆ ಹೊರಟೆವು. ಲೀಡ್ಸಿಂದ ಸುಮಾರು ಒಂದು ಗಂಟೆ ಡ್ರೈವ್. ಯಾರ್ಕ್‌ಷೈರ್ ಡೇಲ್ಸ್‌ನ ಒಳಗೆ, ವಾರ್ಫ್ ನದಿಯ ದಂಡೆಯಲ್ಲಿರುವ ಹಳೇ ಮಠ. ಒಂದು ದಂಡೆಯಲ್ಲಿ ಹೋಗಿ, ಸೇತುವೆ ದಾಟಿ, ಇನ್ನೊಂದು ದಂಡೆಯಲ್ಲಿ ವಾಪಸ್ ಬರುವ ಸುತ್ತು. ಮಕ್ಕಳು, ಅಜ್ಜಿಯರು, ನಾಯಿಗಳು ಎಲ್ಲರೂ ನಡೆಯುವಂಥದ್ದು. ಟ್ರೆಕ್ಕಿಂಗ್ ಅಂತ ಸ್ಟೇಟಸ್ ಹಾಕಿದರೆ ನಗ್ತಾರೆ.

ನನಗೆ ಇನ್ನೊಂದು ಕೆಲಸವೂ ಇತ್ತು. ಹೊರಡುವ ಮೊದಲೇ ಬೆಂಗಳೂರಿಂದ ಅಣ್ಣನ ಮೆಸೇಜ್: "ಇವತ್ತಾದ್ರೂ ಹೇಳ್ತೀಯಾ?"

ವಿಷಯ ಇಷ್ಟೇ. ಅಮ್ಮ ಹೋಗಿ ಹತ್ತು ತಿಂಗಳಾಗಿತ್ತು. ರಾತ್ರಿ ಎದೆನೋವು ಬಂತು. ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ದಾರಿಯಲ್ಲೇ ಹೋದಳು. ಆಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅಪ್ಪಯ್ಯ ಒಬ್ಬರೇ. ಮನೆ ಮಾರಿ, ಅಣ್ಣನ ಮನೆ ಹತ್ತಿರ ಲಿಫ್ಟ್ ಇರುವ ಒಂದು ಫ್ಲ್ಯಾಟ್ ತಗೊಂಡು, ಅವರನ್ನ ಅಲ್ಲಿಗೆ ಕರೆಸಿಕೊಳ್ಳೋದು ನಮ್ಮಿಬ್ಬರ ಪ್ಲ್ಯಾನ್. ನಾನು ಇಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು, ಅಷ್ಟೇ. 2012ರಲ್ಲಿ ಬಿಗಿಯಾದ ನಿಯಮದ ಪ್ರಕಾರ, ವಯಸ್ಸಾದ ಅಪ್ಪ-ಅಮ್ಮನನ್ನ ಖಾಯಂ ಆಗಿ ಕರೆಸಿಕೊಳ್ಳಬೇಕಂದ್ರೆ ಅವರಿಗೆ ಸ್ನಾನ, ಊಟದಂಥ ದಿನದ ಕೆಲಸಕ್ಕೂ ಇನ್ನೊಬ್ಬರ ನೆರವು ಬೇಕಿರಬೇಕು, ಆ ನೆರವು ಅವರ ದೇಶದಲ್ಲಿ ಸಿಗಬಾರದು. ಅಂದ್ರೆ ಅಪ್ಪ ಪೂರ್ತಿ ಕೈಲಾಗದವರಾದ ಮೇಲೆ ಅರ್ಜಿ ಹಾಕಿ ಅಂತ. ಈ ಮನುಷ್ಯ ಮರ ಹತ್ತೋದು ಬಿಟ್ಟು ಇನ್ನೂ ಮೂರು ವರ್ಷ ಆಗಿಲ್ಲ.

ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ಒಂದು ಕಲ್ಲಿನ ಗೋಡೆ, ಅದರಲ್ಲಿ ಒಂದು ಕಿಂಡಿ. ಅದನ್ನ ದಾಟಿದ ಕೂಡಲೇ ಕೆಳಗೆ ಹಸಿರು ಬಯಲು, ತಿರುವು ಹಾಕಿ ಹರಿಯುವ ಹೊಳೆ, ಅದರ ಪಕ್ಕ ಮಠ. ಅಪ್ಪಯ್ಯ ನಿಂತುಬಿಟ್ಟರು. "ಹಾಂ, ಇದು ಹೊಳೆ."

ಮೇಲಿನ ಗುಡ್ಡಗಳ ಪೀಟ್ ಮಣ್ಣು ಸೇರಿ ನೀರಿಗೆ ಕಂದು ಬಣ್ಣ. ಅಪ್ಪಯ್ಯ ಅದಕ್ಕೆ ತೆಳು ಡಿಕಾಕ್ಷನ್ ಅಂತ ಹೆಸರಿಟ್ಟರು.

ಮಠ ಅಂದೆನಲ್ಲ, ಅದು ಈಗ ಅರ್ಧ ಪಾಳು. 1154ರಲ್ಲಿ ಆಲಿಸ್ ಡಿ ರೋಮಿಲಿ ಅನ್ನೋ ಜಮೀನ್ದಾರಿಣಿ ಕೊಟ್ಟ ಜಾಗದಲ್ಲಿ ಅಗಸ್ಟಿನ್ ಪಂಥದ ಸನ್ಯಾಸಿಗಳು ಬಂದು ನೆಲೆಸಿದರು. ಸುಮಾರು 400 ವರ್ಷ ನಡೆಯಿತು. ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ ಇದೂ ಹೋಯಿತು. ಆದರೆ ಸುತ್ತಲಿನ ಊರಿನವರು ಪ್ರಾರ್ಥನೆಗೆ ಬರುತ್ತಿದ್ದ ಮುಂಭಾಗವನ್ನ ಮಾತ್ರ ಅವರಿಗೇ ಬಿಟ್ಟರು. ಮಧ್ಯೆ ಒಂದು ಗೋಡೆ ಎದ್ದಿತು. ಗೋಡೆಯ ಈಚೆ ಇವತ್ತಿಗೂ ಭಾನುವಾರದ ಪೂಜೆ ನಡೆಯುವ ಚರ್ಚು. ಆಚೆ ಬರೀ ಕಮಾನುಗಳು, ಕಿಟಕಿಯ ಚೌಕಟ್ಟುಗಳು, ಮೇಲೆ ಆಕಾಶ.

ಅಪ್ಪಯ್ಯ ಒಳಗೆ ಹೋಗಿ ಬೆಂಚಿನ ಮೇಲೆ ಕೂತರು. ಬಲಿಪೀಠದ ಹಿಂದಿನ ಗೋಡೆ ತುಂಬ ಹೂವಿನ ಚಿತ್ರ. ಆಮೇಲೆ ಹೊರಗೆ ಬಂದು ಅದೇ ಗೋಡೆಯ ಹಿಂಭಾಗಕ್ಕೆ ಸುತ್ತು ಹಾಕಿದರು, ಕಲ್ಲು ತಟ್ಟಿ ನೋಡಿದರು. "ಬೇಕಾದಷ್ಟಕ್ಕೆ ಗೋಡೆ ಹಾಕ್ಕೊಂಡಿದಾರೆ ನೋಡು" ಅಂದರು. ನಾನು ಹೂಂ ಅಂದೆ. ಮನೆ ವಿಷಯ ಎತ್ತೋದಕ್ಕೆ ಆಗಲೇ ಎರಡು ಸಲ ಬಾಯಿ ತೆರೆದು ಮುಚ್ಚಿದ್ದೆ.

ಚರ್ಚಿನ ಕೆಳಗೆ ಹೊಳೆ ದಾಟೋಕೆ ಎರಡು ದಾರಿ. ಒಂದು ಸೇತುವೆ. ಇನ್ನೊಂದು ಅದರ ಪಕ್ಕದಲ್ಲೇ, ದಂಡೆಯಿಂದ ದಂಡೆಗೆ ಸಾಲಾಗಿ ನೆಟ್ಟ ದಾಟುಗಲ್ಲುಗಳು, ಹೆಚ್ಚುಕಮ್ಮಿ 60.

"ಸೇತುವೆ ಮೇಲೆ ಹೋಗೋಣ" ಅಂತ ನಾನು ತಿರುಗಿ ನೋಡೋದರೊಳಗೆ ಅಪ್ಪಯ್ಯ ಮೂರನೇ ಕಲ್ಲಿನ ಮೇಲಿದ್ದರು. ಪ್ಯಾಂಟು ಮಡಚಿ, ಬಾಟಾ ಚಪ್ಪಲಿ ಕೈಯಲ್ಲಿ ಹಿಡಿದು, ಬೇಸಿಗೆಯಲ್ಲಿ ರಾಮತೀರ್ಥದ ಬಂಡೆಗಳ ಮೇಲೆ ಹೋಗ್ತಾರಲ್ಲ, ಹಾಗೆ. "ಅಪ್ಪಯ್ಯ, ಬೇಡ! ಜಾರುತ್ತೆ!" ಅಂತ ಕೂಗಿದೆ. ತಿರುಗಿ ನೋಡಲಿಲ್ಲ. ಒಳ್ಳೇದೇ ಆಯ್ತು, ನೋಡಿದ್ರೆ ಜಾರ್ತಿದ್ರೋ ಏನೋ. ನಾನೂ ಹಿಂದೆ ಇಳಿದೆ. ಮಧ್ಯದಲ್ಲಿ ಕಲ್ಲುಗಳು ನೀರಿಗೆ ಹತ್ತಿರ, ಸೆಳೆತ ಜಾಸ್ತಿ. 90 ಪೌಂಡ್ ಕೊಟ್ಟ ನನ್ನ ಹೈಕಿಂಗ್ ಶೂ ಸರಿಯಾಗಿ ಅಲ್ಲೇ ನೀರಿಗಿಳಿಯಿತು. ಆಚೆ ದಂಡೆಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಿದ್ದವರು ಕೈ ಕೊಟ್ಟು ಎಳಕೊಂಡರು. ಅಮ್ಮ ಹೋದ ಮೇಲೆ ಅವರು ಜೋರಾಗಿ ನಕ್ಕಿದ್ದು ನಾನು ಕೇಳಿದ್ದು ಅದೇ ಮೊದಲು.

ಆಚೆ ಕಡೆ ದಾರಿ ಸ್ವಲ್ಪ ಏರಿ ಕಾಡಿನೊಳಗೆ ಹೋಗುತ್ತೆ. ಕಾಡು ಬೆಳ್ಳುಳ್ಳಿಯ ಬಿಳಿ ಹೂವು ಹಾಸಿತ್ತು, ವಗ್ಗರಣೆಯ ವಾಸನೆ. ದಾರಿಬದಿ ಬಿದ್ದ ದಿಮ್ಮಿಗಳಿಗೆ ಜನ ಹರಕೆಯ ಹಾಗೆ ನಾಣ್ಯ ಹೊಡೆದು ಕೂರಿಸಿದ್ದರು. ಅಪ್ಪಯ್ಯ ಮರದ ವಯಸ್ಸು ಲೆಕ್ಕ ಹಾಕುತ್ತಿದ್ದರು. ನನ್ನ ಬಲಗಾಲು ಪಚಪಚ ಅನ್ನುತ್ತಿತ್ತು. ಕಾಡು ಇಳಿದರೆ ಮರದ ಸೇತುವೆ, ದಾಟಿದರೆ ಚಹಾ ಅಂಗಡಿ.

ಚಹಾ ಮುಂದಿಟ್ಟುಕೊಂಡು ಅವರೇ ಕೇಳಿದರು. "ನಿಮ್ಮಣ್ಣ ಮನೆ ವಿಷಯ ಮಾತಾಡು ಅಂದಿದಾನಲ್ವಾ?"

ನನ್ನ ಮುಖ ನೋಡಿದರೇ ಗೊತ್ತಾಗುತ್ತಿತ್ತು ಅನ್ನಿಸುತ್ತೆ.

"ನಾನೂ ಜಗಲಿ, ಅಡುಗೆಮನೆ, ಒಂದು ಕೋಣೆ ಇಟ್ಕೊಂಡಿದೀನಿ. ಉಳಿದದ್ದಕ್ಕೆ ಬೀಗ. ಈ ಚರ್ಚಿನವರ ಹಾಗೇ. ನಾನಿರೋ ಕಡೆ ಮಾಡು ಸೋರಲ್ಲ."

"ಮಾಡಿನ ಪ್ರಶ್ನೆ ಅಲ್ಲ ಅಪ್ಪಯ್ಯ. ರಾತ್ರಿ ಏನಾದ್ರೂ ಆದ್ರೆ? ಅಮ್ಮನ ಜೊತೆ ನೀವಾದ್ರೂ ಇದ್ರಿ."

ಅದನ್ನ ಹೇಳಬಾರದಿತ್ತೇನೋ. ಅವರು ತುಂಬ ಹೊತ್ತು ಹೊಳೆ ನೋಡುತ್ತಾ ಕೂತರು. ಚಹಾ ಆರಿತು. ಬೆಂಗಳೂರಿನ ಫ್ಲ್ಯಾಟ್ ಬಗ್ಗೆ ಹೇಳೋಕೆ ಇಟ್ಟುಕೊಂಡಿದ್ದ ಒಂದು ಮಾತೂ ನನಗೆ ನೆನಪಾಗಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ: "ಮನೆ ಮಾರೋದು ಬೇಡ. ರಾತ್ರಿ ಮಲಗೋಕೆ ಒಬ್ಬರಾದ್ರೂ ಜೊತೆಗಿರಲಿ."

"ನೋಡೋಣ" ಅಂದರು. ನಮ್ಮನೆಯಲ್ಲಿ ನೋಡೋಣ ಅಂದ್ರೆ ಇಲ್ಲ ಅಂತ ಅರ್ಥ.

ವಾಪಸ್ ಬರುವಾಗ ಹೊಳೆಯ ಪಕ್ಕ ಸಮತಟ್ಟು ದಾರಿ. ಇಬ್ಬರೂ ಮಾತಾಡಲಿಲ್ಲ. ಮಠ ಹತ್ತಿರವಾಗುತ್ತಾ ಬಂತು. ಈ ಕಡೆಯಿಂದ ಮೊದಲು ಪಾಳು ಭಾಗ ಕಾಣುತ್ತೆ, ಆಮೇಲೆ ಚರ್ಚು.

ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ ಅಪ್ಪಯ್ಯ ಅಂದರು, "ತೋಟದ ಕೆಲಸಕ್ಕೆ ಬರ್ತಾನಲ್ಲ, ಆ ಹುಡುಗ ಊರಿಂದ ಹೆಂಡತಿ ಕರ್ಕೊಂಡು ಬರ್ಬೇಕು, ಬಾಡಿಗೆ ಮನೆ ಸಿಗ್ತಿಲ್ಲ ಅಂತಿದ್ದ. ಮುಚ್ಚಿಟ್ಟ ಕೋಣೆಯಲ್ಲಿ ಒಂದನ್ನ ತೆಗೆದು ಕೊಡಬಹುದು."

"ಯಾವುದು?"

"ನಿಂದೇ. ಗಾಳಿ ಚೆನ್ನಾಗಿ ಬರುತ್ತೆ."

ಸರಿ ಅಂದೆ. ಲೀಡ್ಸ್ ತಲುಪಿದ ಮೇಲೆ ಫೋನ್ ನೋಡಿದರೆ ಅಣ್ಣನ ನಾಲ್ಕು ಮೆಸೇಜು. "ಹೇಳಿದ್ಯಾ? ಏನಂದ್ರು?"

"ನನ್ನ ರೂಮು ಹೋಯ್ತು" ಅಂತ ಬರೆದೆ. ಉಳಿದದ್ದನ್ನ ಫೋನ್ ಮಾಡಿ ಹೇಳಿದೆ.