ಹಕ್ಕಿಯ ದಾರಿ, ಬಸ್ಸಿನ ದಾರಿ

ಭೂಪಟವನ್ನು ಹರಡಿ ಅಡಿಕೋಲಿಟ್ಟು ಅಳೆದರೆ ಕಲಬುರಗಿಗೂ ಬೆಂಗಳೂರಿಗೂ ನಡುವಣ ನೇರ ಅಂತರ ಸುಮಾರು 490 ಕಿಲೋಮೀಟರು. ಹಕ್ಕಿಗೆ ಅಷ್ಟೇ ದಾರಿ. ನೆಲವನ್ನು ನಂಬಿದ ಮನುಷ್ಯನಿಗೆ ಇನ್ನೂ ನೂರು ಕಿಲೋಮೀಟರಿನಷ್ಟು ಹೆಚ್ಚು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ಬಳಿಯ ವಿಮಾನ ನಿಲ್ದಾಣದಿಂದ ಮೊದಲ ವಿಮಾನ ಸಂಚಾರ ಆರಂಭವಾದಾಗ, ರೈಲಿನಲ್ಲಿ ಒಂದು ರಾತ್ರಿಯನ್ನೇ ನುಂಗುತ್ತಿದ್ದ ಈ ಪಯಣವು ಒಂದೂವರೆ ಗಂಟೆಗೂ ಒಳಗಾಗಿ ಮುಗಿಯುವಂತಾಯಿತು.

ಆದರೆ ಜಿಲ್ಲೆಯೆಂದರೆ ಕಲಬುರಗಿ ನಗರವೊಂದೇ ಅಲ್ಲವಷ್ಟೆ. ವಾಯವ್ಯಕ್ಕೆ ಆಳಂದ, ಪಶ್ಚಿಮಕ್ಕೆ ಅಫಜಲಪುರ, ದಕ್ಷಿಣಕ್ಕೆ ಜೇವರ್ಗಿ. ಈ ಮೂರು ತಾಲ್ಲೂಕು ಪಟ್ಟಣಗಳಿಗೂ ರೈಲಿಲ್ಲ. ಆಳಂದ ಮತ್ತು ಜೇವರ್ಗಿಗಳು ಕಲಬುರಗಿಯಿಂದ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರು. ಅಫಜಲಪುರವು 60ರ ಆಸುಪಾಸು. ತೊಗರಿಯ ಕರಿಮಣ್ಣಿನ ಹೊಲಗಳ ನಡುವೆ, ಕೈಯೆತ್ತಿದಲ್ಲೆಲ್ಲ ನಿಂತು ಸಾಗುವ ಬಸ್ಸಿಗೆ ಅಫಜಲಪುರದ ಹಾದಿಯು ಒಂದೂವರೆ ಗಂಟೆಯದು. ವಿಮಾನ ನಿಲ್ದಾಣವಿರುವುದಾದರೋ ನಗರದ ಮತ್ತೊಂದು ಮಗ್ಗುಲಿನಲ್ಲಿ. ಎಂದರೆ, ಅಫಜಲಪುರದವನಿಗೆ ವಿಮಾನವನ್ನು ತಲುಪಲು ಬೇಕಾದ ಹೊತ್ತು, ವಿಮಾನವು ಬೆಂಗಳೂರನ್ನು ತಲುಪಲು ಬೇಕಾದ ಹೊತ್ತಿಗಿಂತ ಹೆಚ್ಚು!

ಇಲ್ಲಿ ದೂರವನ್ನು ನಿರ್ಣಯಿಸುವವಳು ಭೀಮಾ ನದಿ. ಆಳಂದದ ಕಡೆಯಲ್ಲಿ ಹುಟ್ಟಿದ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತಾಳೆ. ದತ್ತಾತ್ರೇಯನ ಪಾದುಕೆಗಳ ದರ್ಶನಕ್ಕೆಂದು ಕನ್ನಡ, ಮರಾಠಿ, ತೆಲುಗು ನುಡಿಯುವ ಭಕ್ತರು ಬಂದು ಮೀಯುವುದು ಆ ಸಂಗಮದಲ್ಲಿಯೇ. ಅಲ್ಲಿಂದ ಮುಂದೆ ಹರಿದ ಭೀಮೆ, ಜೇವರ್ಗಿಯನ್ನು ಉಳಿದೆರಡು ಪಟ್ಟಣಗಳಿಂದ ಬೇರ್ಪಡಿಸುತ್ತಾಳೆ. ಅಫಜಲಪುರಕ್ಕೂ ಜೇವರ್ಗಿಗೂ ನೇರ ಅಂತರ 50 ಕಿಲೋಮೀಟರಿಗೆ ಮೀರದು. ಹಾಗಿದ್ದೂ ನಡುವೆ ಹೊಳೆಯಿರುವುದರಿಂದ ಸೇತುವೆ ಇದ್ದ ಕಡೆಗೇ ದಾರಿ ಬಳಸಬೇಕು. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಕಟ್ಟಿಸಂಗಾವಿಯ ಸೇತುವೆಯನ್ನು ದಾಟುತ್ತಾರೆ. 2020ರ ಅಕ್ಟೋಬರಿನ ಮಹಾಪೂರದಲ್ಲಿ ಭೀಮಾತೀರದ ಅನೇಕ ಹಳ್ಳಿಗಳು ಜಲಾವೃತವಾದವು. ಸೇತುವೆ ಮುಳುಗಿದಾಗ ಎದುರು ದಡದ ಊರು ಕಣ್ಣಿಗೆ ಕಾಣುತ್ತದೆ, ಕಾಲಿಗೆ ದಕ್ಕದು.

ಈ ಲೆಕ್ಕಾಚಾರವು ವಿನೋದಕ್ಕಾಗಿಯಲ್ಲ. ಮನೆಯ ಹಿರಿಯರಿಗೆ ನಡುರಾತ್ರಿ ಎದೆನೋವು ಬಂದರೆ, ಕಿಲೋಮೀಟರುಗಳು ನಿಮಿಷಗಳಾಗುತ್ತವೆ. ಆ ಹೊತ್ತಿನಲ್ಲಿ ಬೆಳಗಿನ ವಿಮಾನದಿಂದ ಪ್ರಯೋಜನವೇನು? 2024ರ ಮಾರ್ಚಿನಲ್ಲಿ ಆರಂಭವಾದ ವಂದೇ ಭಾರತ್ ರೈಲಿಗೂ ಬೆಂಗಳೂರು ಸುಮಾರು ಒಂಬತ್ತು ಗಂಟೆಯ ಹಾದಿ. ಅದೇ ವರ್ಷದ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆಯು ಉದ್ಘಾಟನೆಗೊಂಡಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡಿದ ಸಂವಿಧಾನದ ವಿಧಿಯ ಸಂಖ್ಯೆಯೂ 371(ಜೆ). ಹೃದಯದ ಚಿಕಿತ್ಸೆಯ ಮಟ್ಟಿಗೆ, ಆಳಂದದಿಂದ ಐನೂರು ಕಿಲೋಮೀಟರಿಗೂ ಆಚೆಗಿದ್ದ ಬೆಂಗಳೂರು ನಲವತ್ತು ಕಿಲೋಮೀಟರಿಗೆ ಬಂದು ನಿಂತಂತಾಯಿತು.

ವೇಗದಿಂದ ದೂರವನ್ನು ಗೆಲ್ಲುವುದು ಒಂದು ಬಗೆ. ಹೋಗಬೇಕಾದ ತಾಣವನ್ನೇ ಬಳಿಗೆ ತರುವುದು ಇನ್ನೊಂದು. ಮೊದಲನೆಯದಕ್ಕೆ ಟಿಕೇಟಿನ ಹಣ ಬೇಕು, ವೇಳಾಪಟ್ಟಿಯ ಕೃಪೆಯೂ ಬೇಕು. ಎರಡನೆಯದಕ್ಕೆ ಬೇಕಾದುದು ಒಳ್ಳೆಯ ರಸ್ತೆ, ಎತ್ತರದ ಸೇತುವೆ ಮತ್ತು ಹೊತ್ತಿಗೆ ಬರುವ ಒಂದು ಬಸ್ಸು.